ಒದ್ದೆ ರನ್‌ವೇಯಲ್ಲಿ ವಿಮಾನ ನಿಲ್ಲುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಯಲ್ಲಿ ವಿಮಾನ ಇಳಿಯುವುದರ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ. ಕೆಲವು ಉತ್ತರಗಳು ಉದ್ದವಾಗಿವೆ. ಚುಟುಕಾಗಿ ಹೇಳಿದರೆ ತಪ್ಪು ತಿಳಿವಳಿಕೆ ಮೂಡುವ ವಿಷಯಗಳವು.

ಪ್ರಶ್ನೆ: ಜೋರು ಮಳೆಯಲ್ಲಿ ನಾನಿದ್ದ ವಿಮಾನ ಧಡ್ಡೆಂದು ನೆಲಕ್ಕೆ ಬಡಿದಂತೆ ಇಳಿಯಿತು. ನುರಿತ ಪೈಲಟ್ ಆಗಿದ್ದರೆ ಮೆತ್ತಗೆ ಇಳಿಸುತ್ತಿರಲಿಲ್ಲವೇ?

ಉತ್ತರ: ಒದ್ದೆ ರನ್‌ವೇಯಲ್ಲಿ ನುರಿತ ಪೈಲಟ್ ಬೇಕೆಂದೇ ಗಟ್ಟಿಯಾಗಿ ಇಳಿಸುತ್ತಾರೆ. ತಯಾರಕರ ಕೈಪಿಡಿಗಳು ಹೇಳುವುದೂ ಅದನ್ನೇ. ಮೆತ್ತಗೆ ಇಳಿಸಲು ಹೋಗಿ ನೆಲಕ್ಕೆ ಸಮಾನಾಂತರವಾಗಿ ತೇಲಿಸಿದರೆ ಎರಡು ನಷ್ಟ. ಮೊದಲನೆಯದು ದೂರ: 136 ನಾಟ್ ವೇಗದಲ್ಲಿ ವಿಮಾನ ಸೆಕೆಂಡಿಗೆ 70 ಮೀಟರ್ ಓಡುತ್ತದೆ. ಐದು ಸೆಕೆಂಡ್ ತೇಲಿದರೆ 350 ಮೀಟರ್ ರನ್‌ವೇ ಹಿಂದೆ ಉಳಿಯಿತು, ಅದು ಮತ್ತೆ ಸಿಗುವುದಿಲ್ಲ.

ಎರಡನೆಯದು ಹೊರಗಿನವರಿಗೆ ಕಾಣದ ನಷ್ಟ. ನೆಲ ಮುಟ್ಟುವ ಗಳಿಗೆಯಲ್ಲಿ ಚಕ್ರಗಳು ತಿರುಗುತ್ತಿರುವುದಿಲ್ಲ. ಅವು ನೀರಿನ ಪದರವನ್ನು ಸೀಳಿಕೊಂಡು ಡಾಂಬರನ್ನೋ ಕಾಂಕ್ರೀಟನ್ನೋ ಮುಟ್ಟಬೇಕು, ವೇಗವಾಗಿ ತಿರುಗಲು ಶುರುಮಾಡಬೇಕು, ಲ್ಯಾಂಡಿಂಗ್ ಗೇರಿನ (ಚಕ್ರಗಳಿರುವ ಕಾಲಿನ) ಹೊಡೆತ ನುಂಗುವ ಶಾಕ್ ಸ್ಟ್ರಟ್ ಕುಗ್ಗಬೇಕು. 'ವಿಮಾನ ನೆಲದ ಮೇಲಿದೆ' ಎಂದು ಅದರ ವ್ಯವಸ್ಥೆಗಳಿಗೆ ತಿಳಿಯುವುದು ಈ ಸೂಚನೆಗಳಿಂದ. ತಿಳಿದ ಮೇಲೆಯೇ ರೆಕ್ಕೆಯ ಮೇಲಿನ ಹಲಗೆಗಳಾದ ಗ್ರೌಂಡ್ ಸ್ಪಾಯ್ಲರ್‌ಗಳು ಏಳುತ್ತವೆ, ವೇಗ ತಗ್ಗಿಸಲು ಇಂಜಿನ್‌ನ ಬಲವನ್ನು ಮುಂದಕ್ಕೆ ತಿರುಗಿಸುವ ರಿವರ್ಸ್ ಥ್ರಸ್ಟ್‌ನ ಬೀಗ ಬಿಡುತ್ತದೆ, ತಾನಾಗಿ ಬ್ರೇಕ್ ಹಾಕುವ ಆಟೋಬ್ರೇಕ್ ಕೆಲಸಕ್ಕೆ ಇಳಿಯುತ್ತದೆ. ಹಗುರವಾಗಿ ಸವರಿಕೊಂಡು ಇಳಿದರೆ ಇದೆಲ್ಲವೂ ತಡವಾಗುತ್ತದೆ.

1993ರ ಸೆಪ್ಟೆಂಬರ್ 14ರಂದು ವಾರ್ಸಾದಲ್ಲಿ ನಡೆದದ್ದು ಇದೇ. ಲುಫ್ತಾನ್ಸಾದ ಏರ್‌ಬಸ್ ಎ320 ಮಳೆಯಲ್ಲಿ ಇಳಿಯಿತು. ಅಡ್ಡಗಾಳಿ ಇದೆಯೆಂದು ಪೈಲಟ್‌ಗಳು ಬಲಕ್ಕೆ ವಾಲಿಸಿ, ವೇಗವನ್ನೂ ಹೆಚ್ಚಿಟ್ಟುಕೊಂಡಿದ್ದರು; ಗಾಳಿ ಅಷ್ಟರಲ್ಲಿ ಹಿಂದಿನಿಂದ ಬೀಸತೊಡಗಿತ್ತು. ಬಲಗಡೆಯ ಗೇರ್ ಮೊದಲು ಮುಟ್ಟಿತು, ಎಡಗಡೆಯದು ಸುಮಾರು 9 ಸೆಕೆಂಡ್ ಬಳಿಕ. ಎರಡೂ ಗೇರ್‌ಗಳ ಮೇಲೆ ಭಾರ ಬೀಳುವ ತನಕ ಸ್ಪಾಯ್ಲರೂ ಇಲ್ಲ, ರಿವರ್ಸೂ ಇಲ್ಲ. ವಿಮಾನ ರನ್‌ವೇ ದಾಟಿ ಮಣ್ಣಿನ ದಿಬ್ಬಕ್ಕೆ ಬಡಿಯಿತು, ಇಬ್ಬರು ಸತ್ತರು.

ಆದ್ದರಿಂದ ಮಳೆಯಲ್ಲಿ ಗಟ್ಟಿಯಾಗಿ, ಸರಿಯಾದ ಜಾಗದಲ್ಲಿ ಇಳಿಸಿದ ಪೈಲಟನ್ನು ದೂರಬೇಡಿ. ರನ್‌ವೇಯ ಅರ್ಧಭಾಗ ಕಳೆದ ಮೇಲೆ ಬೆಣ್ಣೆಯಂತೆ ಇಳಿಸಿದರೆ ಅದನ್ನು ಒಳ್ಳೆಯ ಲ್ಯಾಂಡಿಂಗ್ ಎನ್ನಲಾಗದು.

ಪ್ರಶ್ನೆ: ಹೈಡ್ರೋಪ್ಲೇನಿಂಗ್ (ಟೈರು ನೆಲ ಬಿಟ್ಟು ನೀರಿನ ಪದರದ ಮೇಲೆ ತೇಲುವುದು) ಯಾವ ವೇಗದಲ್ಲಿ ಶುರುವಾಗುತ್ತದೆ? ಪರೀಕ್ಷೆಗೆ ಓದುವಾಗ ಒಂದು ಪುಸ್ತಕದಲ್ಲಿ 9 ಎಂಬ ಸಂಖ್ಯೆ, ಇನ್ನೊಂದರಲ್ಲಿ 7.7 ಇದೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಬೇರೆ ಬೇರೆ ಸಂದರ್ಭಕ್ಕೆ. ಟೈರಿನ ಗಾಳಿಯ ಒತ್ತಡವನ್ನು ಪಿಎಸ್‌ಐಯಲ್ಲಿ (ಚದರ ಇಂಚಿಗೆ ಇಷ್ಟು ಪೌಂಡ್ ಎಂದು) ತೆಗೆದುಕೊಂಡು ಅದರ ವರ್ಗಮೂಲವನ್ನು 9ರಿಂದ ಗುಣಿಸಿದರೆ ನಾಟ್‌ನಲ್ಲಿ ವೇಗ ಬರುತ್ತದೆ. ಇದು ಈಗಾಗಲೇ ತಿರುಗುತ್ತಿರುವ ಚಕ್ರಕ್ಕೆ, ಅಂದರೆ ಟೇಕಾಫ್ ಓಟಕ್ಕೆ. ತಿರುಗದೇ ಇರುವ ಚಕ್ರ ನೀರಿನ ಮೇಲೆ ಬಂದು ಕೂರುವಾಗ, ಅಂದರೆ ಲ್ಯಾಂಡಿಂಗ್‌ನಲ್ಲಿ, 7.7ರಿಂದ ಗುಣಿಸಬೇಕು.

ಲೆಕ್ಕ ಮಾಡಿ ನೋಡೋಣ. ಟೈರಿನ ಒತ್ತಡ 200 ಪಿಎಸ್‌ಐ ಎಂದಿಟ್ಟುಕೊಳ್ಳಿ, ಮಧ್ಯಮ ಗಾತ್ರದ ಜೆಟ್‌ಗಳಲ್ಲಿ ಹೆಚ್ಚುಕಡಿಮೆ ಇಷ್ಟಿರುತ್ತದೆ. ವರ್ಗಮೂಲ 14.14. ಮೊದಲ ಸೂತ್ರದಲ್ಲಿ 127 ನಾಟ್, ಎರಡನೆಯದರಲ್ಲಿ 109 ನಾಟ್. ಈ ವಿಮಾನ ನೆಲ ಮುಟ್ಟುವುದು 135 ನಾಟ್ ಆಸುಪಾಸಿನಲ್ಲಿ. ಅಂದರೆ ರನ್‌ವೇ ಮೇಲೆ ನೀರು ನಿಂತಿದ್ದರೆ, ಇಳಿದ ಕ್ಷಣದಿಂದ 109 ನಾಟ್‌ಗೆ ಬರುವ ತನಕ ಚಕ್ರ ಸರಿಯಾಗಿ ತಿರುಗದೆಯೇ ಇರಬಹುದು. ಚಕ್ರ ತಿರುಗದಿದ್ದರೆ ಬ್ರೇಕ್‌ಗೆ ಕೆಲಸವೇ ಇಲ್ಲ. ಆ ಹೊತ್ತಿನಲ್ಲಿ ವಿಮಾನವನ್ನು ನಿಧಾನಗೊಳಿಸುವುದು ಸ್ಪಾಯ್ಲರ್‌ಗಳು, ರಿವರ್ಸ್ ಮತ್ತು ಗಾಳಿಯ ತಡೆ ಮಾತ್ರ.

ಒತ್ತಡ ಕಡಿಮೆಯಾದಷ್ಟೂ ಟೈರು ಬೇಗ ತೇಲುತ್ತದೆ ಎಂಬುದು ಇದೇ ಸೂತ್ರದಿಂದ ಗೊತ್ತಾಗುತ್ತದೆ. 200ರ ಬದಲು 180 ಪಿಎಸ್‌ಐ ಇದ್ದರೆ ಮೊದಲ ಸೂತ್ರದಲ್ಲಿ 127ರ ಬದಲು 121 ನಾಟ್. ದಿನದ ತಪಾಸಣೆಯಲ್ಲಿ ಟೈರಿನ ಒತ್ತಡವನ್ನು ಕಣ್ಣಂದಾಜಿನಲ್ಲಿ ಬಿಡದೆ ಗೇಜ್ ಹಾಕಿ ನೋಡಬೇಕಾದ ಕಾರಣಗಳಲ್ಲಿ ಇದೂ ಒಂದು.

ಈ ಸೂತ್ರಗಳನ್ನು ಬಾಯಿಪಾಠ ಮಾಡಿದವರಿಗೆ ಒಂದು ಎಚ್ಚರಿಕೆ. ಇವು 1960ರ ದಶಕದಲ್ಲಿ ನಾಸಾ ನಡೆಸಿದ ಪ್ರಯೋಗಗಳಿಂದ ಬಂದವು, ಆಗಿನ ಬಯಾಸ್-ಪ್ಲೈ ಟೈರುಗಳ ಮೇಲೆ. ಇಂದಿನ ರೇಡಿಯಲ್ ಟೈರುಗಳು ಇದಕ್ಕಿಂತ ಕಡಿಮೆ ವೇಗದಲ್ಲೇ ತೇಲಬಹುದು. ಜತೆಗೆ ಇದು 'ಡೈನಮಿಕ್' ಎಂಬ ಒಂದೇ ಬಗೆಯ ಹೈಡ್ರೋಪ್ಲೇನಿಂಗ್‌ನ ಲೆಕ್ಕ. ಟೈರಿನ ಗಾಡಿ (ನೀರು ಹರಿದುಹೋಗಲು ಇರುವ ಸೀಳು) ಮತ್ತು ರನ್‌ವೇಯ ತರಿ (ಒರಟುತನ) ಎರಡೂ ಸೇರಿ ಹೊರಹಾಕಲಾಗದಷ್ಟು ನೀರು ನಿಂತಾಗ ಆಗುವಂಥದ್ದು. ಇನ್ನೆರಡು ಬಗೆಗಳಿಗೆ ಈ ಸೂತ್ರ ಅನ್ವಯಿಸುವುದಿಲ್ಲ, ಮತ್ತು ಅವೇ ಹೆಚ್ಚು ಮೋಸಗೊಳಿಸುವಂಥವು.

'ವಿಸ್ಕಸ್' ಬಗೆಯದಕ್ಕೆ ನೀರು ನಿಲ್ಲಬೇಕಾಗಿಲ್ಲ. ನುಣುಪಾದ ಮೇಲ್ಮೈಯಲ್ಲಿ, ಅಂದರೆ ರಬ್ಬರ್ ಮೆತ್ತಿದ ಟಚ್‌ಡೌನ್ ವಲಯದಲ್ಲಿ (ಚಕ್ರಗಳು ನೆಲ ಮುಟ್ಟಬೇಕಾದ ಭಾಗದಲ್ಲಿ) ಅಥವಾ ಬಿಳಿ ಬಣ್ಣದ ಗುರುತುಗಳ ಮೇಲೆ, ಮಿಲಿಮೀಟರಿಗಿಂತ ಎಷ್ಟೋ ತೆಳುವಾದ ಪದರ ಸಾಕು. ಹನಿ ಮಳೆಯಲ್ಲೂ ಆಗುತ್ತದೆ, ಕಡಿಮೆ ವೇಗದಲ್ಲೂ ಆಗುತ್ತದೆ. ಲ್ಯಾಂಡಿಂಗ್ ಓಟದ ಕೊನೆಯ ಭಾಗ ಎಂದರೆ ಎದುರು ದಿಕ್ಕಿನಿಂದ ಇಳಿಯುವವರ ಟಚ್‌ಡೌನ್ ವಲಯ. ಅಲ್ಲಿ ರಬ್ಬರ್ ದಪ್ಪನಾಗಿ ಮೆತ್ತಿರುತ್ತದೆ. 'ಇನ್ನೇನು ನಿಂತೇಬಿಟ್ಟೆವು' ಎಂದು ಬ್ರೇಕ್ ಸಡಿಲಿಸಿ, ತುದಿಯಲ್ಲಿ ಮತ್ತೆ ಒತ್ತಿದಾಗ ಹಿಡಿತ ಸಿಗದೇ ಹೋಗುವುದು ಹೀಗೆ. ಟ್ಯಾಕ್ಸಿ ವೇಗ ಖಚಿತವಾಗುವ ತನಕ ಬ್ರೇಕ್ ಬಿಡಬಾರದು.

ಮೂರನೆಯದು 'ರಿವರ್ಟೆಡ್ ರಬ್ಬರ್'. ಚಕ್ರ ಪೂರ್ತಿ ಲಾಕ್ ಆಗಿ ಜಾರುವಾಗ ಹುಟ್ಟುವ ಶಾಖಕ್ಕೆ ಟೈರಿನ ಕೆಳಗಿನ ನೀರು ಹಬೆಯಾಗುತ್ತದೆ, ರಬ್ಬರ್ ಕರಗಿ ಅಂಟಂಟಾಗುತ್ತದೆ, ಟೈರು ಹಬೆಯ ಮೇಲೆ ಜಾರುತ್ತದೆ. ಒಮ್ಮೆ ಶುರುವಾದರೆ ತೀರ ಕಡಿಮೆ ವೇಗದ ತನಕ ಬಿಡುವುದಿಲ್ಲ. ಬ್ರೇಕ್ ಬಿಟ್ಟು ಚಕ್ರ ತಿರುಗುವಂತೆ ಮಾಡುವುದೊಂದೇ ಪರಿಹಾರ.

ಪ್ರಶ್ನೆ: ಕಾರಿನ ಎಬಿಎಸ್ ಮತ್ತು ವಿಮಾನದ ಆಂಟಿ-ಸ್ಕಿಡ್ ಒಂದೇನಾ? ಹಾಗಾದರೆ ಆಟೋಬ್ರೇಕ್ ಏನು?

ಉತ್ತರ: ತತ್ವ ಒಂದೇ, ಬಂದದ್ದು ವಿಮಾನದಿಂದ ಕಾರಿಗೆ. ಡನ್‌ಲಪ್ ಕಂಪನಿಯ ಮ್ಯಾಕ್ಸರೆಟ್ ಎಂಬ ಯಾಂತ್ರಿಕ ಸಾಧನ 1950ರ ದಶಕದಲ್ಲೇ ವಿಮಾನಗಳಲ್ಲಿ ಬಳಕೆಗೆ ಬಂದಿತ್ತು.

ಪ್ರತಿ ಚಕ್ರದ ಆಕ್ಸಲ್‌ನಲ್ಲಿ ವೇಗ ಅಳೆಯುವ ಸೆನ್ಸರ್ ಇರುತ್ತದೆ. ಚಕ್ರ ಇರಬೇಕಾದ್ದಕ್ಕಿಂತ ಬೇಗನೆ ನಿಧಾನವಾಗುತ್ತಿದೆ ಎಂದು ಕಂಡರೆ ಕಂಟ್ರೋಲ್ ಯೂನಿಟ್ ಸರ್ವೋ ವಾಲ್ವ್ ಮೂಲಕ ಆ ಚಕ್ರದ ಬ್ರೇಕಿಗೆ ಹೋಗುವ ಹೈಡ್ರಾಲಿಕ್ ಒತ್ತಡ ಇಳಿಸುತ್ತದೆ, ಚಕ್ರ ಚೇತರಿಸಿಕೊಂಡರೆ ಮತ್ತೆ ಏರಿಸುತ್ತದೆ. ಟೈರು ಸ್ವಲ್ಪ ಜಾರುತ್ತಿರುವಾಗಲೇ ಹಿಡಿತ ಅತಿ ಹೆಚ್ಚು. ಆ ಬಿಂದುವಿನ ಸುತ್ತ ಚಕ್ರವನ್ನು ಇರಿಸುವುದು ಅದರ ಕೆಲಸ. ಹಳೆಯ, ಪೂರ್ತಿ ಬಿಟ್ಟು ಪೂರ್ತಿ ಹಿಡಿಯುವ ಆನ್-ಆಫ್ ವ್ಯವಸ್ಥೆಗೂ ಇಂದಿನ ನಯವಾಗಿ ಹೊಂದಿಸುವ ವ್ಯವಸ್ಥೆಗೂ ಇರುವ ಅಂತರ ದೊಡ್ಡದು. ಅಮೆರಿಕದ ವಿಮಾನ ಪ್ರಮಾಣೀಕರಣ ನಿಯಮಗಳು ಒದ್ದೆ ರನ್‌ವೇಯ ಲೆಕ್ಕಕ್ಕೆ ಮೊದಲನೆಯದಕ್ಕೆ 0.30, ಪೂರ್ಣ ಹೊಂದಾಣಿಕೆಯದಕ್ಕೆ 0.80 ದಕ್ಷತೆ ಕೊಡುತ್ತವೆ. ನಡುವಿನ ಬಗೆಗೆ 0.50.

ಕಾರಿನಲ್ಲಿ ಇಲ್ಲದ ಎರಡು ರಕ್ಷಣೆಗಳು ಇಲ್ಲಿವೆ. ಪೈಲಟ್ ಪೆಡಲ್ ಒತ್ತಿಕೊಂಡೇ ಇಳಿದರೂ ಚಕ್ರ ತಿರುಗುವ ತನಕ ಬ್ರೇಕಿಗೆ ಒತ್ತಡ ಹೋಗುವುದಿಲ್ಲ. ಹೋಗಿದ್ದರೆ ಲಾಕ್ ಆದ ಚಕ್ರದ ಮೇಲೇ ಇಳಿದು ಟೈರು ಸಿಡಿಯುತ್ತಿತ್ತು. ಇನ್ನೊಂದು, ಚಕ್ರದ ವೇಗವನ್ನು, ವಿಮಾನದ ಚಲನೆಯನ್ನು ಚಕ್ರದ ನೆರವಿಲ್ಲದೆ ಅಳೆಯುವ ಇನರ್ಷಿಯಲ್ ವ್ಯವಸ್ಥೆ ಕೊಡುವ ನೆಲವೇಗಕ್ಕೆ ಹೋಲಿಸುವುದು. ಎಲ್ಲ ಚಕ್ರಗಳೂ ಒಟ್ಟಿಗೇ ತೇಲಿ ನಿಧಾನವಾದರೆ ಒಂದನ್ನೊಂದು ಹೋಲಿಸಿ ಪ್ರಯೋಜನವಿಲ್ಲ, ಹೊರಗಿನ ಅಳತೆಗೋಲು ಬೇಕು.

ಇದರಿಂದ ಪೈಲಟ್‌ಗೆ ಬರುವ ಪಾಠ: ಕೈಯಲ್ಲಿ, ಅಲ್ಲ, ಕಾಲಲ್ಲಿ ಬ್ರೇಕ್ ಹಾಕುವಾಗ ಪೆಡಲನ್ನು ಒತ್ತಿ ಬಿಟ್ಟು ಪಂಪ್ ಮಾಡಬಾರದು. ಪ್ರತಿ ಸಲ ಬಿಟ್ಟಾಗಲೂ ವ್ಯವಸ್ಥೆ ಹುಡುಕಿಕೊಂಡಿದ್ದ ಹಿಡಿತದ ಮಟ್ಟ ಕೈತಪ್ಪಿ, ಮೊದಲಿನಿಂದ ಹುಡುಕಬೇಕಾಗುತ್ತದೆ. ಬೇಕಾದಷ್ಟು ಒತ್ತಿ, ಒತ್ತಿಯೇ ಹಿಡಿಯಬೇಕು. ಆಂಟಿ-ಸ್ಕಿಡ್ ಇಲ್ಲದ ಸಣ್ಣ ತರಬೇತಿ ವಿಮಾನಗಳಲ್ಲಿ ಇದು ತಿರುವುಮುರುವು: ಹಗುರವಾಗಿ ಶುರುಮಾಡಿ, ಚಕ್ರ ಲಾಕ್ ಆದಂತೆ ಅನ್ನಿಸಿದರೆ ಕೂಡಲೇ ಬಿಟ್ಟು, ಮತ್ತೆ ಇನ್ನೂ ಹಗುರವಾಗಿ ಹಿಡಿಯಬೇಕು.

ಆಟೋಬ್ರೇಕ್ ಬೇರೆಯೇ ಸಂಗತಿ. ಅದು ಬ್ರೇಕನ್ನು ಎಷ್ಟು ಒತ್ತಬೇಕೆಂದು ನೋಡುವುದಿಲ್ಲ, ವಿಮಾನ ಎಷ್ಟು ಬೇಗ ನಿಧಾನವಾಗಬೇಕೆಂದು ನೋಡುತ್ತದೆ. ಏರ್‌ಬಸ್ ಎ320ಯಲ್ಲಿ 'ಲೋ' ಆಯ್ಕೆ ಮಾಡಿದರೆ ಗುರಿ ಪ್ರತಿ ಸೆಕೆಂಡೂ ವೇಗ ಸೆಕೆಂಡಿಗೆ 1.7 ಮೀಟರ್‌ನಷ್ಟು ಇಳಿಯುವುದು, 'ಮೀಡಿಯಂ' ಆದರೆ 3 ಮೀಟರ್. 70 ಮೀಟರ್ ಪ್ರತಿ ಸೆಕೆಂಡ್ ವೇಗದಿಂದ ನಿಲ್ಲಲು, ಶುರುವಾಗುವ ತಡವನ್ನು ಬಿಟ್ಟು, ಮೊದಲನೆಯದಕ್ಕೆ ಸುಮಾರು 1,440 ಮೀಟರ್ ಬೇಕು, ಎರಡನೆಯದಕ್ಕೆ 820 ಮೀಟರ್.

ಆದರೆ ಇದು ಗುರಿ ಮಾತ್ರ, ಖಾತರಿಯಲ್ಲ. ಒಣ ರನ್‌ವೇಯಲ್ಲಿ ಹಿಡಿತ ಧಾರಾಳವಾಗಿರುತ್ತದೆ. ರಿವರ್ಸ್ ಹಾಕಿದರೆ ಆಟೋಬ್ರೇಕ್ ತನ್ನ ಪಾಲನ್ನು ಕಡಿಮೆ ಮಾಡುತ್ತದೆ, ನಿಲ್ಲುವ ದೂರ ಹೆಚ್ಚೇನೂ ಬದಲಾಗುವುದಿಲ್ಲ. ನೀರು ನಿಂತ ರನ್‌ವೇಯಲ್ಲಿ ಟೈರು ಕೊಡಬಲ್ಲ ಹಿಡಿತವೇ ಮಿತಿ. ಆಗ 'ಮೀಡಿಯಂ' ಕೇಳಿದರೂ 'ಮ್ಯಾಕ್ಸ್' ಕೇಳಿದರೂ ಆಂಟಿ-ಸ್ಕಿಡ್ ಬಿಡುವಷ್ಟೇ ಸಿಗುವುದು. ಅಲ್ಲಿ ರಿವರ್ಸ್ ಕೊಟ್ಟದ್ದೆಲ್ಲವೂ ನಿಜವಾದ ಹೆಚ್ಚುವರಿ.

ಪ್ರಶ್ನೆ: ಸ್ಪಾಯ್ಲರ್‌ಗೂ ಬ್ರೇಕಿಗೂ ಏನು ಸಂಬಂಧ? ಅದು ಗಾಳಿಗೆ ಅಡ್ಡ ನಿಲ್ಲುವ ಹಲಗೆ ತಾನೆ?

ಉತ್ತರ: ಗಾಳಿಯ ತಡೆ ಅದರ ಸಣ್ಣ ಕೆಲಸ. ದೊಡ್ಡ ಕೆಲಸ ರೆಕ್ಕೆಯ ಎತ್ತುವ ಬಲವನ್ನು ಕೆಡಿಸುವುದು. ನೆಲ ಮುಟ್ಟಿದ ಕ್ಷಣದಲ್ಲಿ ವಿಮಾನದ ಭಾರದ ಬಹುಪಾಲನ್ನು ರೆಕ್ಕೆಯೇ ಹೊತ್ತಿರುತ್ತದೆ. ಚಕ್ರದ ಮೇಲೆ ಭಾರ ಬೀಳದಿದ್ದರೆ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಸ್ಪಾಯ್ಲರ್ ಎದ್ದ ಮೇಲೆಯೇ ಭಾರ ಚಕ್ರಕ್ಕೆ ಇಳಿಯುತ್ತದೆ.

ಹಲವು ವಿಮಾನಗಳಲ್ಲಿ ಇದು ಸರಪಳಿಯ ಮೊದಲ ಕೊಂಡಿಯೂ ಹೌದು. ಎ320ಯಲ್ಲಿ ಗ್ರೌಂಡ್ ಸ್ಪಾಯ್ಲರ್ ಏಳದಿದ್ದರೆ ಆಟೋಬ್ರೇಕೂ ಶುರುವಾಗದು. 2007ರ ಜುಲೈ 17ರಂದು ಬ್ರೆಜಿಲ್‌ನ ಸಾವೊ ಪಾವ್ಲೊದ ಕೊಂಗೊನ್ಯಾಸ್ ನಿಲ್ದಾಣದಲ್ಲಿ ಎ320 ಅಪಘಾತವಾಗಿ 199 ಜನ ಸತ್ತಾಗ ಮೊದಲು ಎಲ್ಲರ ಬೆರಳು ಹೋದದ್ದು ಹೊಸದಾಗಿ ಮೇಲ್ಮೈ ಹಾಕಿ ಇನ್ನೂ ಗಾಡಿ ಕೊರೆಯದಿದ್ದ ಒದ್ದೆ ರನ್‌ವೇಯತ್ತ. ದತ್ತಾಂಶ ದಾಖಲೆ ತೆರೆದಾಗ ಕಂಡದ್ದು ಇನ್ನೊಂದು: ಬಲ ಇಂಜಿನ್‌ನ ಥ್ರಸ್ಟ್ ಲಿವರ್ ಐಡಲ್‌ಗೆ (ಕನಿಷ್ಠ ಶಕ್ತಿಗೆ) ಬಂದೇ ಇರಲಿಲ್ಲ, ಮೇಲೇರುವಾಗಿನ ಕ್ಲೈಂಬ್ ಸ್ಥಾನದಲ್ಲಿ ದಾಖಲಾಗಿತ್ತು. ಆದ್ದರಿಂದ ಸ್ಪಾಯ್ಲರ್ ಏಳಲಿಲ್ಲ, ಆಟೋಬ್ರೇಕ್ ಬರಲಿಲ್ಲ. 1999ರ ಜೂನ್ 1ರಂದು ಲಿಟಲ್ ರಾಕ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಎಂಡಿ-82 ಬಿರುಮಳೆಯಲ್ಲಿ ಇಳಿದಾಗಲೂ ಸ್ಪಾಯ್ಲರ್ ಏಳಲಿಲ್ಲ. 11 ಮಂದಿ ತೀರಿಕೊಂಡರು.

ಇದಕ್ಕಾಗಿಯೇ ಪಕ್ಕದ ಪೈಲಟ್ ನೆಲ ಮುಟ್ಟಿದ ಕೂಡಲೇ ಮೊದಲು ಸ್ಪಾಯ್ಲರ್ ನೋಡಿ ಗಟ್ಟಿಯಾಗಿ ಹೇಳಬೇಕು, ಆಮೇಲೆ ರಿವರ್ಸ್, ಆಮೇಲೆ ವೇಗ ನಿಜಕ್ಕೂ ಇಳಿಯುತ್ತಿದೆಯೇ ಎಂಬುದು. ಸ್ಪಾಯ್ಲರ್ ಎದ್ದಿಲ್ಲವೆಂದು ಒಂದು ಸೆಕೆಂಡಿನಲ್ಲಿ ಗೊತ್ತಾದರೆ ಕೈಯಿಂದ ಎಬ್ಬಿಸಬಹುದು. ಹತ್ತು ಸೆಕೆಂಡ್ ಬಿಟ್ಟು ಗೊತ್ತಾದರೆ ಉಪಯೋಗವಿಲ್ಲ.

ಪ್ರಶ್ನೆ: ಅಪ್ರೋಚ್‌ನಲ್ಲಿ (ಇಳಿಯಲು ರನ್‌ವೇಯತ್ತ ಬರುವಾಗ) 10 ನಾಟ್ ಹೆಚ್ಚಿಗೆ ಇಟ್ಟುಕೊಂಡರೆ ಸುರಕ್ಷಿತವಲ್ಲವೇ? ಸ್ಟಾಲ್‌ನಿಂದ (ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದರಿಂದ) ದೂರ ಇರುತ್ತೇವಲ್ಲ.

ಉತ್ತರ: ಗಾಳಿಯ ಹೊಡೆತಕ್ಕೆಂದು ಕೈಪಿಡಿ ಹೇಳಿದಷ್ಟು ಸೇರಿಸಿ. ಅದರ ಮೇಲೆ 'ಇರಲಿ' ಎಂದು ಸೇರಿಸುವುದು ಮಳೆಯಲ್ಲಿ ಸಾಲ ಮಾಡಿದಂತೆ. 135ರ ಬದಲು 145 ನಾಟ್‌ನಲ್ಲಿ ಮುಟ್ಟಿದರೆ ಬ್ರೇಕು ನುಂಗಬೇಕಾದ ಶಕ್ತಿ ಶೇ 15ರಷ್ಟು ಏರುತ್ತದೆ, ಏಕೆಂದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 10 ನಾಟ್ ಹಿಂಗಾಳಿಯೂ ಇದೇ ಕೆಲಸ ಮಾಡುತ್ತದೆ, ಬ್ರೇಕಿಗೆ ಲೆಕ್ಕ ನೆಲವೇಗದ್ದು. ಹೆಚ್ಚುವರಿ ವೇಗವನ್ನು ಗಾಳಿಯಲ್ಲಿ ತೇಲುತ್ತ ಕಳೆಯಲು ಹೋದರೆ ಇನ್ನೂ ದುಬಾರಿ. ಹೆಚ್ಚು ವೇಗದಲ್ಲೇ ಆದರೂ ಸರಿಯಾದ ಜಾಗದಲ್ಲಿ ಚಕ್ರ ಊರುವುದು ಲೇಸು.

ಎತ್ತರವೂ ಹಾಗೆಯೇ. ಕೈಪಿಡಿಯ ಲ್ಯಾಂಡಿಂಗ್ ದೂರ ಶುರುವಾಗುವುದು ಥ್ರೆಶ್‌ಹೋಲ್ಡ್ (ರನ್‌ವೇ ಶುರುವಾಗುವ ಅಂಚು) ಮೇಲೆ 50 ಅಡಿಯಿಂದ. 3 ಡಿಗ್ರಿ ಇಳಿಜಾರಿನಲ್ಲಿ 10 ಅಡಿ ಹೆಚ್ಚು ಎತ್ತರದಲ್ಲಿ ದಾಟಿದರೆ ಸುಮಾರು 58 ಮೀಟರ್ ಮುಂದೆ ಇಳಿಯುತ್ತೀರಿ. 100 ಅಡಿಯಲ್ಲಿ ದಾಟಿದರೆ 290 ಮೀಟರ್.

ಇವೆಲ್ಲ ಒಟ್ಟಿಗೆ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ 2020ರ ಆಗಸ್ಟ್ 7ರ ಕೋಯಿಕ್ಕೋಡ್ ದುರಂತದ ತನಿಖಾ ವರದಿ ನೋಡಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800, ಮಳೆ, 14 ನಾಟ್ ಹಿಂಗಾಳಿ. 8,858 ಅಡಿ ಉದ್ದದ ರನ್‌ವೇಯಲ್ಲಿ ನೆಲ ಮುಟ್ಟಿದ್ದು 4,438 ಅಡಿ ಕಳೆದ ಮೇಲೆ, 165 ನಾಟ್ ನೆಲವೇಗದಲ್ಲಿ. 165 ಮತ್ತು 145ರ ವರ್ಗಗಳನ್ನು ಹೋಲಿಸಿದರೆ ಶೇ 29ರಷ್ಟು ಹೆಚ್ಚು ಶಕ್ತಿ, ಅದನ್ನು ಕಳೆಯಲು ಉಳಿದದ್ದು ಅರ್ಧ ರನ್‌ವೇ. 21 ಜನ ಪ್ರಾಣ ಕಳೆದುಕೊಂಡರು. ಟಚ್‌ಡೌನ್ ವಲಯ ತಪ್ಪಿದಾಗಲೇ ಮತ್ತೆ ಏರಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ.

ಪ್ರಶ್ನೆ: ನೆಲ ಮುಟ್ಟಿದ ಮೇಲೂ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಏರುವುದು) ಮಾಡಬಹುದೇ?

ಉತ್ತರ: ಮಾಡಬಹುದು, ರಿವರ್ಸ್ ತೆರೆಯುವ ತನಕ. ರಿವರ್ಸ್ ಎಳೆದ ಮೇಲೆ ನಿಲ್ಲಲೇಬೇಕು. ರಿವರ್ಸರ್ ಮುಚ್ಚಿಕೊಂಡು ಇಂಜಿನ್ ಮತ್ತೆ ಪೂರ್ಣ ಶಕ್ತಿಗೆ ಬರುವಷ್ಟು ಹೊತ್ತು ಇರುವುದಿಲ್ಲ, ಒಂದು ಕಡೆಯದು ಮುಚ್ಚದೇ ಉಳಿದರೆ ವಿಮಾನವೇ ಹಿಡಿತಕ್ಕೆ ಸಿಗದು. ನಿರ್ಧಾರವನ್ನು ಅರ್ಧಕ್ಕೆ ಬದಲಿಸುವುದೂ ಅಪಾಯ. 1999ರ ಸೆಪ್ಟೆಂಬರ್ 23ರಂದು ಬ್ಯಾಂಕಾಕ್‌ನಲ್ಲಿ ಕ್ವಾಂಟಾಸ್‌ನ 747-400 ಸುರಿಮಳೆಯಲ್ಲಿ ದೂರ ಹೋಗಿ ಇಳಿಯಿತು. ಗೋ-ಅರೌಂಡ್ ಶುರುಮಾಡಿ, ಚಕ್ರ ಮುಟ್ಟಿದ ಮೇಲೆ ಅದನ್ನು ರದ್ದು ಮಾಡಿದರು. ಆ ಗಡಿಬಿಡಿಯಲ್ಲಿ ಆಟೋಬ್ರೇಕ್ ಬಿಟ್ಟುಹೋಯಿತು, ರಿವರ್ಸ್ ಎಳೆಯುವುದು ಮರೆತೇ ಹೋಯಿತು, ಎಳೆದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ನೀರಿನ ಮೇಲೆ ತೇಲುತ್ತ ರನ್‌ವೇ ದಾಟಿತು. ಜೀವಹಾನಿ ಆಗಲಿಲ್ಲ.

ಪ್ರಶ್ನೆ: ರಿವರ್ಸ್ ಎಷ್ಟು ಹೊತ್ತು ಇಡಬೇಕು? ಅಡ್ಡಗಾಳಿ ಇದ್ದಾಗ ರಿವರ್ಸ್ ಹಾಕಿದರೆ ವಿಮಾನ ಪಕ್ಕಕ್ಕೆ ಸರಿಯುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ರಿವರ್ಸ್‌ನ ಬೆಲೆ ಇರುವುದು ಹೆಚ್ಚಿನ ವೇಗದಲ್ಲಿ, ಬ್ರೇಕ್ ಅತಿ ಕಡಿಮೆ ಹಿಡಿಯುವುದೂ ಅದೇ ವೇಗದಲ್ಲಿ. ಹಾಗಾಗಿ ಮುಖ್ಯ ಚಕ್ರಗಳು ಮುಟ್ಟಿದ ಕೂಡಲೇ ತಡಮಾಡದೆ ಎಳೆಯಬೇಕು, ಮೂತಿಚಕ್ರವನ್ನೂ ಎತ್ತಿ ಹಿಡಿದುಕೊಂಡಿರದೆ ಬೇಗ ಇಳಿಸಬೇಕು. ಸಾಮಾನ್ಯವಾಗಿ 60–70 ನಾಟ್‌ಗೆ ಬಂದಾಗ ಐಡಲ್ ರಿವರ್ಸ್‌ಗೆ ತರುತ್ತಾರೆ, ಇಲ್ಲವಾದರೆ ಎದ್ದ ಕಸಕಡ್ಡಿಯನ್ನು ಇಂಜಿನ್ ಎಳೆದುಕೊಳ್ಳುತ್ತದೆ. ಆದರೆ ರನ್‌ವೇ ಮುಗಿಯುತ್ತ ಬಂದಿದ್ದರೆ ಇಂಜಿನ್‌ನ ಚಿಂತೆ ಬಿಟ್ಟು ನಿಲ್ಲುವ ತನಕ ಪೂರ್ಣ ರಿವರ್ಸ್ ಹಿಡಿಯಬೇಕು.

ಪಕ್ಕಕ್ಕೆ ಸರಿಯುವುದು ನಿಜ. ಅಡ್ಡಗಾಳಿ ಬಾಲವನ್ನು ತಳ್ಳಿ ವಿಮಾನದ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸುತ್ತದೆ. ಮೂತಿ ಓರೆಯಾದಾಗ ರಿವರ್ಸ್‌ನ ಬಲವೂ ಓರೆಯಾಗಿ, ವಿಮಾನವನ್ನು ಗಾಳಿಯ ಕೆಳದಿಕ್ಕಿನ ಅಂಚಿಗೆ ಎಳೆಯುತ್ತದೆ. ಟೈರುಗಳು ಆ ಹೊತ್ತಿಗೆ ಬ್ರೇಕಿನಲ್ಲೇ ತಮ್ಮ ಹಿಡಿತವನ್ನೆಲ್ಲ ಖರ್ಚುಮಾಡುತ್ತಿದ್ದರೆ ಪಕ್ಕದ ಬಲವನ್ನು ತಡೆಯಲು ಏನೂ ಉಳಿದಿರುವುದಿಲ್ಲ. ಇಂಥಾಗ ಮಾಡಬೇಕಾದ್ದು ಮನಸ್ಸಿಗೆ ಒಗ್ಗದಂಥದ್ದು: ರಿವರ್ಸನ್ನು ಐಡಲ್‌ಗೆ ತನ್ನಿ, ಬ್ರೇಕ್ ಬಿಡಿ. ಟೈರಿಗೆ ಪಕ್ಕದ ಹಿಡಿತ ಮರಳುತ್ತದೆ. ರಡ್ಡರ್ ಪೆಡಲ್‌ನಿಂದ ಮೂತಿಯನ್ನು ನೇರ ಮಾಡಿ ನಡುಗೆರೆಗೆ ಬನ್ನಿ. ಆಮೇಲೆ ಎರಡೂ ಕಡೆ ಸಮನಾಗಿ ಮತ್ತೆ ಬ್ರೇಕ್ ಮತ್ತು ರಿವರ್ಸ್. ಜಾರುತ್ತಿರುವಾಗ ಮೂತಿಚಕ್ರವನ್ನು ಹೊರಳಿಸುವ ಟಿಲ್ಲರ್ ಎಂಬ ಹಿಡಿಯನ್ನು ತಿರುಗಿಸುವುದು ಬೇಡ. ಆ ಚಕ್ರವೂ ಅಡ್ಡಡ್ಡ ಜಾರುತ್ತದೆ ಅಷ್ಟೆ.

ಪ್ರಶ್ನೆ: ರನ್‌ವೇ ಎಷ್ಟು ಒದ್ದೆಯಾಗಿದೆ ಎಂದು ಮೇಲಿರುವ ಪೈಲಟ್‌ಗೆ ಹೇಗೆ ಗೊತ್ತಾಗುತ್ತದೆ? ಲೆಕ್ಕದಲ್ಲಿ ಎಷ್ಟು ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ?

ಉತ್ತರ: ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಏಕರೂಪದ ವರದಿ ಪದ್ಧತಿ 2021ರ ನವೆಂಬರ್ 4ರಿಂದ ಜಾರಿಯಲ್ಲಿದೆ. ರನ್‌ವೇಯನ್ನು ಮೂರು ಪಾಲು ಮಾಡಿ ಪ್ರತಿ ಪಾಲಿಗೂ 6ರಿಂದ 0 ತನಕ ಒಂದು ಅಂಕ ಕೊಡುತ್ತಾರೆ. ಒಣಗಿದ್ದರೆ 6. 3 ಮಿಲಿಮೀಟರ್ ತನಕದ ನೀರಾದರೆ 'ಒದ್ದೆ', ಅಂಕ 5. ಅದಕ್ಕಿಂತ ಹೆಚ್ಚು ನೀರು ನಿಂತಿದ್ದರೆ ಅಂಕ ನೇರವಾಗಿ 2ಕ್ಕೆ ಕುಸಿಯುತ್ತದೆ. ರಬ್ಬರ್ ಮೆತ್ತಿ ಅಥವಾ ಸವೆದು ಹಿಡಿತ ಕೆಟ್ಟಿರುವ ಮೇಲ್ಮೈ ಒದ್ದೆಯಾದರೆ 3. '5, 5, 2' ಎಂದು ಕೇಳಿಸಿಕೊಂಡ ಪೈಲಟ್ ಕೊನೆಯ ಮೂರನೇ ಒಂದು ಪಾಲನ್ನು ನಂಬಿ ಕೂರುವಂತಿಲ್ಲ.

3 ಮಿಲಿಮೀಟರಿನ ಆಚೆಈಚೆಗೆ ಇಷ್ಟು ಅಂತರ ಏಕೆಂದು ಕೆಲವರು ಕೇಳಿದ್ದಾರೆ. ಅಷ್ಟು ನೀರಿಗೆ ಡೈನಮಿಕ್ ಹೈಡ್ರೋಪ್ಲೇನಿಂಗ್ ಸಂಭವ ಶುರುವಾಗುತ್ತದೆ. ಕಷ್ಟವೇನೆಂದರೆ ಬಿರುಮಳೆಯಲ್ಲಿ ನಿಮಿಷಗಳಲ್ಲೇ ಈ ಗೆರೆ ದಾಟಬಹುದು, ತಪಾಸಣೆ ಮಾಡಿದವರು ಹಿಂದಿರುಗುವಷ್ಟರಲ್ಲಿ ವರದಿ ಹಳತಾಗಿರುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2015ರಲ್ಲಿ ಮತ್ತೆ 2019ರಲ್ಲಿ ಎಚ್ಚರಿಕೆ ಹೊರಡಿಸಿ, ಒದ್ದೆ ರನ್‌ವೇಗಳಲ್ಲಿ ಜೆಟ್‌ಗಳಿಗೆ ನಿಜವಾಗಿ ಸಿಕ್ಕ ಬ್ರೇಕಿಂಗ್ ಲೆಕ್ಕಕ್ಕಿಂತ ಕಡಿಮೆಯಿದ್ದ ಪ್ರಕರಣಗಳಿವೆ ಎಂದು ಹೇಳಿತು. ಜೋರು ಮಳೆ ಬೀಳುತ್ತಿರುವಾಗ, ವಿಶೇಷವಾಗಿ ಗಾಡಿ ಕೊರೆಯದ ರನ್‌ವೇಯಲ್ಲಿ, ವರದಿ 5 ಎಂದಿದ್ದರೂ ಒಂದೆರಡು ಮಟ್ಟ ಕೆಳಗಿನ ಅಂಕಕ್ಕೆ ಲೆಕ್ಕ ಹಾಕಿ ನೋಡುವುದು ನಮ್ಮ ದೃಷ್ಟಿಯಲ್ಲಿ ಅತಿ ಎಚ್ಚರವೇನಲ್ಲ.

ಇನ್ನು ಹೆಚ್ಚಿಗೆ ಇಟ್ಟುಕೊಳ್ಳುವ ದೂರದ ಲೆಕ್ಕ. ಹೊರಡುವ ಮೊದಲು, ಜೆಟ್ ವಿಮಾನವು ಒಣ ರನ್‌ವೇಯ ಶೇ 60ರೊಳಗೆ ನಿಲ್ಲುವಂತಿರಬೇಕು. ಒದ್ದೆಯ ಸಂಭವವಿದ್ದರೆ ಅದರ ಮೇಲೆ ಇನ್ನೂ ಶೇ 15. ಪರೀಕ್ಷೆಯಲ್ಲಿ ತೋರಿಸಿದ ಒಣ ದೂರ 1,300 ಮೀಟರ್ ಆದರೆ ಒಣ ರನ್‌ವೇ 2,167 ಮೀಟರ್ ಬೇಕು, ಒದ್ದೆಯದು 2,492 ಮೀಟರ್. ಇಷ್ಟೊಂದು ಉಳಿತಾಯ ಇದೆಯಲ್ಲ ಎನಿಸಬಹುದು. ಆದರೆ ಆ 1,300 ಪರೀಕ್ಷಾ ಪೈಲಟ್ ಪೂರ್ಣ ಬ್ರೇಕ್ ಒತ್ತಿ ಸಾಧಿಸಿದ್ದು. ದಿನನಿತ್ಯದ ಹಾರಾಟದಲ್ಲಿ ಯಾರೂ ಹಾಗೆ ಇಳಿಸುವುದಿಲ್ಲ. ಅದಕ್ಕೇ ಇಳಿಯುವ ಮೊದಲು ಆ ಹೊತ್ತಿನ ಗಾಳಿ, ತೂಕ, ರನ್‌ವೇ ಅಂಕ, ಆಟೋಬ್ರೇಕ್ ಆಯ್ಕೆ ಎಲ್ಲವನ್ನೂ ಹಾಕಿ ಹೊಸದಾಗಿ ಲೆಕ್ಕ ಮಾಡಿ, ಬಂದ ದೂರಕ್ಕೆ ಕನಿಷ್ಠ ಶೇ 15 ಸೇರಿಸಿ ನೋಡಬೇಕು. ಅದು ರನ್‌ವೇಗಿಂತ ಉದ್ದವಾದರೆ ಕಾಯಬೇಕು, ಇಲ್ಲವೇ ಬೇರೆ ನಿಲ್ದಾಣಕ್ಕೆ ಹೋಗಬೇಕು.

ಪ್ರಶ್ನೆ: ರನ್‌ವೇಗೆ ಅಡ್ಡಲಾಗಿ ಕೊರೆದ ಗಾಡಿಗಳ ಅಳತೆ ಎಷ್ಟು? ಅವು ಇದ್ದರೆ ಸಾಕೇ?

ಉತ್ತರ: ಹೆಚ್ಚು ಬಳಕೆಯ ಅಳತೆ 6 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಆಳ, ಒಂದರಿಂದ ಒಂದಕ್ಕೆ 38 ಮಿಲಿಮೀಟರ್. ಟೈರು ಒತ್ತಿದಾಗ ನೀರು ತಪ್ಪಿಸಿಕೊಳ್ಳಲು ದಾರಿ ಬೇಕು, ಗಾಡಿ ಕೊಡುವುದು ಅದನ್ನು. ನೀರು ಪಕ್ಕಕ್ಕೆ ಹರಿದುಹೋಗಲು ನಡುವಿನಿಂದ ಅಂಚಿಗೆ ಇಳಿಜಾರೂ ಬೇಕು. ದೊಡ್ಡ ವಿಮಾನಗಳ ರನ್‌ವೇಗೆ ಅದು ಶೇ 1.5, 45 ಮೀಟರ್ ಅಗಲದಲ್ಲಿ ನಡುಗೆರೆ ಅಂಚಿಗಿಂತ ಸುಮಾರು 34 ಸೆಂಟಿಮೀಟರ್ ಎತ್ತರ. ಅಂಚಿನ ಹುಲ್ಲು, ಮಣ್ಣು ಬೆಳೆದು ರನ್‌ವೇಗಿಂತ ಎತ್ತರವಾದರೆ ನೀರು ಹೊರಹೋಗದೆ ಕಟ್ಟಿಕೊಳ್ಳುತ್ತದೆ. ಸಣ್ಣ ವಿಷಯವೆಂದು ಇದನ್ನು ಕಡೆಗಣಿಸುವುದು ಸರಿಯಲ್ಲ.

ಗಾಡಿ ಇದ್ದರಷ್ಟೇ ಸಾಲದು. ಪ್ರತಿ ಲ್ಯಾಂಡಿಂಗೂ ಒಂದಿಷ್ಟು ರಬ್ಬರ್ ಬಿಟ್ಟುಹೋಗುತ್ತದೆ, ಅದು ಗಾಡಿಯನ್ನು ತುಂಬಿ ತರಿಯನ್ನು ಮುಚ್ಚುತ್ತದೆ. ಅಧಿಕ ಒತ್ತಡದ ನೀರಿನಿಂದ ಅಥವಾ ರಾಸಾಯನಿಕದಿಂದ ಅದನ್ನು ತೆಗೆಯುತ್ತಾರೆ. ಯಾವಾಗ ತೆಗೆಯಬೇಕೆಂದು ತಿಳಿಯಲು ತಾನೇ 1 ಮಿಲಿಮೀಟರ್ ನೀರು ಸುರಿದುಕೊಂಡು ಗಂಟೆಗೆ 65 ಮತ್ತು 95 ಕಿಲೋಮೀಟರ್ ವೇಗದಲ್ಲಿ ಓಡುವ ಘರ್ಷಣಾ ಮಾಪಕ ವಾಹನ ಬಳಸುತ್ತಾರೆ. ಈ ಅಳತೆ ನಿರ್ವಹಣೆಗೆ ಮಾತ್ರ. ಅದನ್ನೇ ವಿಮಾನದ ಬ್ರೇಕಿಂಗ್ ಎಂದು ಪೈಲಟ್‌ಗೆ ಹೇಳಬಾರದು, ಎರಡಕ್ಕೂ ನೇರ ಸಂಬಂಧ ಸಿದ್ಧವಾಗಿಲ್ಲ.

ಪ್ರಶ್ನೆ: ಇಷ್ಟೆಲ್ಲ ಆಗಿಯೂ ವಿಮಾನ ರನ್‌ವೇ ದಾಟಿದರೆ?

ಉತ್ತರ: ರನ್‌ವೇ ತುದಿಯ ನಂತರ 60 ಮೀಟರ್ ಪಟ್ಟಿ, ಅದರಾಚೆ ಸುರಕ್ಷಾ ಪ್ರದೇಶ ಇರಬೇಕು. ದೊಡ್ಡ ರನ್‌ವೇಗಳಿಗೆ ಕನಿಷ್ಠ 90 ಮೀಟರ್ ಕಡ್ಡಾಯ, 240 ಮೀಟರ್ ಶಿಫಾರಸು. ಜಾಗವಿಲ್ಲದ ಕಡೆ ಪುಡಿಯಾಗುವ ಹಗುರ ಕಾಂಕ್ರೀಟಿನ ಹಾಸು ಹಾಕುತ್ತಾರೆ. ಚಕ್ರ ಅದರೊಳಗೆ ಹೂತು, ಪುಡಿಮಾಡುತ್ತ ನಿಲ್ಲುತ್ತದೆ. ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣದಲ್ಲಿ 1996ರಲ್ಲಿ ಇದನ್ನು ಮೊದಲು ಹಾಕಲಾಯಿತು. ಸಾಮಾನ್ಯವಾಗಿ 70 ನಾಟ್ ತನಕದ ವೇಗದಲ್ಲಿ ಬಂದ ವಿಮಾನವನ್ನು ಹಿಡಿಯುವಂತೆ ವಿನ್ಯಾಸ. ಹಾಸು ಎದುರಿಗಿದ್ದರೆ ಪೈಲಟ್ ಕೊನೆಗಳಿಗೆಯಲ್ಲಿ ಪಕ್ಕಕ್ಕೆ ತಿರುಗಿಸಬಾರದು, ನೇರವಾಗಿ ಅದರೊಳಗೇ ಹೋಗಬೇಕು.

ಪ್ರಶ್ನೆ: ಮಳೆಯಲ್ಲಿ ಇಳಿದ ವಿಮಾನದ ಟೈರಿನಲ್ಲಿ ನಾವು ತಂತ್ರಜ್ಞರು ಏನು ನೋಡಬೇಕು?

ಉತ್ತರ: ಟೈರಿನ ಒಂದೇ ಜಾಗದಲ್ಲಿ ಅಂಡಾಕಾರದ ತೇಪೆ, ಅಲ್ಲಿ ರಬ್ಬರ್ ಮೆತ್ತಗೆ ಅಂಟಂಟಾಗಿ ಕಂಡರೆ ಆ ಚಕ್ರ ಲಾಕ್ ಆಗಿ ಜಾರಿದೆ. ಟೈರು ಬದಲಿಸಿ ಅಷ್ಟಕ್ಕೇ ಬಿಡಬೇಡಿ. ಆ ಚಕ್ರದ ವೇಗ ಸೆನ್ಸರ್, ಅದರ ವೈರಿಂಗ್ ಕನೆಕ್ಟರ್, ಆಂಟಿ-ಸ್ಕಿಡ್ ವಾಲ್ವ್ ಮತ್ತು ಕಂಟ್ರೋಲ್ ಯೂನಿಟ್‌ನಲ್ಲಿ ಉಳಿದ ದೋಷ ಸಂದೇಶಗಳನ್ನು ನೋಡಿ. ಗೇರ್ ಮೇಲಿನ ಕನೆಕ್ಟರ್‌ಗೆ ನೀರು ಸೇರಿದ್ದರೆ ಒಣಗಿದ ಮೇಲೆ ಪರೀಕ್ಷೆಯಲ್ಲಿ ಎಲ್ಲವೂ ಸರಿಯೆಂದೇ ತೋರಬಹುದು, ಆದ್ದರಿಂದ ಬಿಚ್ಚಿ ತುಕ್ಕು ಹಿಡಿದಿದೆಯೇ ಎಂದು ಕಣ್ಣಾರೆ ನೋಡಬೇಕು. ಜೋಡಿಚಕ್ರದ ಟೈರನ್ನೂ ಬಿಡಬೇಡಿ. ಪಕ್ಕದ ಚಕ್ರ ಜಾರುತ್ತಿದ್ದಾಗ ಬ್ರೇಕಿನ ಹೊರೆ ಹೊತ್ತದ್ದು ಅದೇ. ರನ್‌ವೇ ಮೇಲೆ ಬಿಳಿಯ, ಹಬೆಯಲ್ಲಿ ತೊಳೆದಂಥ ಗೆರೆಗಳು ಬಿದ್ದಿದ್ದರೆ ನಿಲ್ದಾಣದವರಿಗೆ ಹೇಳಿ, ಎಷ್ಟು ದೂರದಿಂದ ಶುರುವಾಗಿವೆ ಎಂದು ಅಳೆಸಿ ಬರೆದಿಡಿ.